ಯಾವ ಮನೆಗೆ ಯಾವ ಪೇಪರು

೨೧ ಆಗಸ್ಟ್ ೨೦೧೬, ಭಾನುವಾರ

ಭಾನುವಾರದ ಪೇಪರು ದಪ್ಪ. ಪುರವಣಿ ಸೇರಿಸಿ ಮುಗಿಸುವಷ್ಟರಲ್ಲಿ ಬೆಳಕು ಹರಿದಿತ್ತು. ಬಸ್ ಸ್ಟಾಪಿನ ಪಕ್ಕದ ಅಂಗಡಿ ಜಗುಲಿಯ ಮೇಲೆ ನಾನು, ಗೌಹರ್ ಇಬ್ಬರೇ. ಯಶವಂತಪುರದಿಂದ ಆಟೋದಲ್ಲಿ ಕಟ್ಟು ತಂದು ಇಳಿಸಿದ ಮೇಲೆ ಗೌಹರ್ ತನ್ನ ಕನ್ನಡ ಪೇಪರ್ ಹಿಡಿದು ಕೂತುಬಿಡುತ್ತಾನೆ. ಕ್ರೀಡೆಯ ಪುಟ ಮುಗಿಯದೆ ಏಳುವುದಿಲ್ಲ.

ಅಷ್ಟೊತ್ತಿಗೆ ವಾಸು ಬಂದ. ಎಷ್ಟೋ ತಿಂಗಳ ಮೇಲೆ. ನಮ್ಮ ಲೇಔಟಿನ ಪಕ್ಕದ ಸಿಂಗಾಪುರ ಹಳ್ಳಿಯ ಮುನಿಕೃಷ್ಣಮ್ಮನ ಮಗ. ಹೈಸ್ಕೂಲಿನಲ್ಲಿದ್ದಾಗ ನನ್ನ ಹತ್ತಿರವೇ ಪೇಪರ್ ಹಾಕುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವೇ ಫೇಲಾದಾಗ ಇದೇ ಜಗುಲಿಯ ಮೇಲೆ ಕೂರಿಸಿಕೊಂಡು, ಹೆಡ್‌ಲೈನ್ ಓದಿಸಿ ಓದಿಸಿ ಪಾಸು ಮಾಡಿಸಿದವಳು ನಾನು. ಈಗ ಇಂಟರ್ನೆಟ್ ಕೇಬಲ್ ಬಿಸಿನೆಸ್ ಇಟ್ಟುಕೊಂಡಿದ್ದಾನೆ. ಯುವಕರ ಬಳಗಕ್ಕೆ ಅಧ್ಯಕ್ಷ. ಪ್ರತಿ ಸರ್ಕಲ್ಲಿನ ಬ್ಯಾನರಿನಲ್ಲೂ ಮುಖ ಇದೆ. ಆದರೂ ನಾನಿದ್ದರೆ ಚಪ್ಪಲಿ ಬಿಟ್ಟೇ ಜಗುಲಿ ಹತ್ತುತ್ತಾನೆ.

"ಅಕ್ಕ, ಗಣೇಶನ ಹಬ್ಬಕ್ಕೆ ಪೇಪರ್ ಒಳಗೆ ಕರಪತ್ರ ಇಡ್ಬೇಕು. ಈ ಸಲ ಬರೀ ಕನ್ನಡದಲ್ಲಲ್ಲ. ತಮಿಳು, ತೆಲುಗು, ಮಲಯಾಳಂ, ಹಿಂದಿ, ಉರ್ದು, ಎಲ್ಲಾದ್ರಲ್ಲೂ ಮಾಡಿಸ್ತಿದೀನಿ. ಅವರವರ ಭಾಷೇಲಿ ಕರೆದ್ರೆ ಅವರವರು ಬರ್ತಾರೆ."

"ಉರ್ದುಲಿ ಗಣೇಶನಾ?" ಗೌಹರ್ ಪೇಪರಿನಿಂದ ತಲೆ ಎತ್ತಲಿಲ್ಲ. "ನಮಗೆ ಕಡುಬು ಕೊಟ್ಟರೆ ಸಾಕು ಗುರು, ಚೀಟಿ ಬೇಡ."

"ನಿಂಗೆ ಎರಡೂ ಕೊಡ್ತೀನಿ ಬಿಡು," ಅಂದ ವಾಸು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಯಾವ ಮನೆಗೆ ಯಾವ ಭಾಷೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು? ನೀನೇ ಹೇಳ್ಬೇಕು. ನಾನ್ ಹಾಕ್ತಿದ್ದಾಗ ಇದ್ದೋರು ಈಗ ಯಾರೂ ಇಲ್ಲ."

ನನಗೆ ಗೊತ್ತು. ಇಷ್ಟು ವರ್ಷ ಪೇಪರ್ ಹಾಕಿ ಒಂದು ವಿಷಯ ಕಲಿತಿದ್ದೇನೆ. ಹೆಸರು ನೋಡಿ ಜನರನ್ನು ಅಂದಾಜು ಮಾಡಲು ಹೋದರೆ ಈ ಕಡೆ ಎಡವುತ್ತೇವೆ. ಮುನಿ ಅಂತ ಶುರುವಾಗುವ ಹೆಸರು ಕನ್ನಡದವರಲ್ಲೂ ಇದೆ, ತೆಲುಗಿನವರಲ್ಲೂ ಇದೆ, ತಮಿಳಿನವರಲ್ಲೂ ಇದೆ. ಪೇಪರ್ ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಮನುಷ್ಯ ಯಾವ ಅಕ್ಷರ ಹುಡುಕುತ್ತಾನೋ ಅದೇ ಅವನ ಊರು.

ಬಂದು ನನ್ನ ಜೊತೆ ಒಂದು ಸುತ್ತು ಹಾಕು ಅಂದೆ.

೨೮ ಆಗಸ್ಟ್, ಭಾನುವಾರ

ಇವತ್ತು ವಾಸು ಬಂದ. ನನ್ನ ಟಿವಿಎಸ್‌ನ ಹಿಂದೆ ಕಟ್ಟು ಹಿಡಿದುಕೊಂಡು ಕೂತ. ಅಧ್ಯಕ್ಷರು ಹಿಂದೆ, ಪೇಪರಮ್ಮ ಮುಂದೆ. ಹಾಲಿನ ಬೂತಿನವನು ಸೆಲ್ಯೂಟ್ ಹೊಡೆದ.

ಒಂದೊಂದು ಗೇಟಿನ ಮುಂದೆಯೂ ನಿಲ್ಲಿಸಿ ಹೇಳಿದೆ. ಇದು ಮಲಯಾಳಂ ಮನೆ. ಬಿಇಎಲ್ ಫ್ಯಾಕ್ಟರಿಯಲ್ಲಿದ್ದವರು. ಇದು ತೆಲುಗು ಮನೆ, ಇದು ಹಿಂದಿ ಮನೆ. ಮೂಲೆಯ ಮಹಡಿ ಉರ್ದು ಮನೆ, ಜಾಲಹಳ್ಳಿ ಏರ್‌ಫೋರ್ಸಿನಿಂದ ನಿವೃತ್ತರಾದ ಮುದುಕರು. ಎರಡನೇ ಕ್ರಾಸಿನಲ್ಲಿ ಮೂರು ತಮಿಳು ಮನೆ: ಹೊಲಿಗೆ ಮೆಷಿನ್ನಿನ ಮನೆ, ನೀಲಿ ಗೇಟಿನ ಮನೆ, ಕೊನೆಯಲ್ಲಿ ಒಬ್ಬರೇ ತಾತ ಇರುವ ಮನೆ.

"ಅಕ್ಕ, ನೀನ್ ಸೆನ್ಸಸ್‌ಗೆ ಹೋಗ್ಬೇಕಿತ್ತು," ಅಂದ.

ನಾಲ್ಕು ರಸ್ತೆಯೊಳಗೆ ಇಷ್ಟು ಭಾಷೆ ಇದೆಯೆಂದು ಬಾಯಿಬಿಟ್ಟು ಹೇಳಿದಾಗಲೇ ನನಗೂ ಗೊತ್ತಾದದ್ದು. ಮುಗಿಸಿದ ಮೇಲೆ ಇಬ್ಬರೂ ಇಡ್ಲಿ ತಿಂದೆವು. ಅವನೇ ಕೊಡಿಸಿದ. ಮನೆಗೆ ಬಂದು ಇವರಿಗೆ ಹೇಳಿದೆ: ನಮಗೆ ಮಕ್ಕಳಿಲ್ಲ ಅಂತ ಕೊರಗುತ್ತೀರಲ್ಲ, ನಾನು ಓದಿಸಿದ ಹುಡುಗ ಹೇಗಾಗಿದ್ದಾನೆ ನೋಡಿ.

೧ ಸೆಪ್ಟೆಂಬರ್, ಗುರುವಾರ

ಕರಪತ್ರ ಹೋಯಿತು. ಉರ್ದು ಮನೆಯ ಮುದುಕರು ಚೀಟಿ ಹಿಡಿದು ಮಹಡಿಯಿಂದ ಇಳಿದು ಬಂದರು. ಬೈಯುತ್ತಾರೇನೋ ಅಂದುಕೊಂಡೆ. ಹೊಟ್ಟೆ ಕುಲುಕಿಸಿ ನಗುತ್ತಿದ್ದರು. ಅವರ ಹೆಸರು ಸೂದ್. ಪಂಜಾಬಿನ ಹಿಂದೂಗಳು. ಹುಟ್ಟಿದ್ದು ಲಾಹೋರಿನ ಹತ್ತಿರವಂತೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಕಲಿಸಿದ ಅಕ್ಷರ ಉರ್ದು ಒಂದೇ, ಅದಕ್ಕೇ ಆ ಪೇಪರು. "ಗಣೇಶ್‌ಜೀ ಉರ್ದುಲಿ ಕರೆದ್ರೆ ನಾನ್ ಬರ್ಲೇಬೇಕು," ಅಂದರು ತಮ್ಮ ಕನ್ನಡದಲ್ಲಿ.

ಎರಡನೇ ಕ್ರಾಸಿನ ಕೊನೆಯ ತಮಿಳು ಮನೆಯ ತಾತನೂ ಗೇಟಿನಲ್ಲಿ ನಿಂತಿದ್ದರು.

"ನನಗ್ಯಾಕಮ್ಮ ತಮಿಳು ಚೀಟಿ?"

"ನೀವು ತಗೊಳ್ಳೋದು ತಮಿಳು ಪೇಪರ್ ಅಲ್ವಾ ಸಾರ್?"

ಅವರೂ ನಕ್ಕರು. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೇಷ್ಟರಾಗಿದ್ದರಂತೆ. ಅದೂ ಕನ್ನಡ ಮೇಷ್ಟ್ರು. ಗಡಿ ಆಚೆಯ ಕನ್ನಡದ ಮಕ್ಕಳಿಗೆ ಕನ್ನಡ ಕಲಿಸಿದವರು. ಹೆಸರು ವೆಂಕಟರಾಮಯ್ಯ. "ಕನ್ನಡ ಪೇಪರ್ ಎಲ್ಲಾ ಲೈಬ್ರರಿಲಿ ಸಿಗುತ್ತೆ, ಪುಕ್ಕಟೆ ಓದ್ತೀನಿ. ಇದು ಅಲ್ಲಿ ಬರಲ್ಲ. ಹೊಸೂರಿನ ಸುದ್ದಿ, ಯಾರು ಹೋದರು ಯಾರು ಉಳಿದರು, ಇದರಲ್ಲೇ ನೋಡ್ಬೇಕು."

ಮುಂದಿನ ಸಲ ಆ ಮನೆಗೆ ಕನ್ನಡದ ಚೀಟಿಯನ್ನೇ ಕೊಡು ಅಂತ ವಾಸುಗೆ ಹೇಳಬೇಕು.

೭ ಸೆಪ್ಟೆಂಬರ್, ಬುಧವಾರ

ಗಣೇಶನ ಹಬ್ಬ ಇಷ್ಟು ಚೆನ್ನಾಗಿ ಯಾವ ವರ್ಷವೂ ಆಗಿರಲಿಲ್ಲ. ಮಲಯಾಳಂ ಮನೆಯವರು ಪಾಯಸ ಮಾಡಿ ತಂದರು. ಹೊಲಿಗೆ ಮೆಷಿನ್ನಿನ ತಮಿಳು ಮನೆಯವಳು ಗಣೇಶನ ಹಿಂದೆ ಕಟ್ಟಲು ಪರದೆ ಹೊಲಿದುಕೊಟ್ಟಳು. ಸೂದ್ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ವಾಸು ಮೈಕಿನಲ್ಲಿ ಎಲ್ಲರಿಗೂ ಅವರವರ ಭಾಷೆಯಲ್ಲಿ ಒಂದೊಂದು ನಮಸ್ಕಾರ ಹೇಳಿದ. ಚಪ್ಪಾಳೆಯೋ ಚಪ್ಪಾಳೆ.

ಈ ನಡುವೆ ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟು ಹೇಳಿದೆ. ಮಂಡ್ಯದಲ್ಲಿ ಬಂದ್. ಬೆಳಿಗ್ಗೆ ಮೇಷ್ಟ್ರು ಗೇಟಿನಲ್ಲೇ ನನ್ನನ್ನು ನಿಲ್ಲಿಸಿಕೊಂಡು, ನನ್ನ ಕಟ್ಟಿನಿಂದ ಕನ್ನಡ ಪೇಪರ್ ಒಂದು ಎಳೆದು, ತಮ್ಮ ತಮಿಳು ಪೇಪರಿನ ಪಕ್ಕ ಹಿಡಿದರು. ಎರಡನ್ನೂ ಓದಿ ಹೇಳಿದರು.

"ನೋಡಮ್ಮ. ಇದರಲ್ಲೂ ಅನ್ಯಾಯ ಅಂತಿದೆ, ಅದರಲ್ಲೂ ಅನ್ಯಾಯ ಅಂತಿದೆ. ನದಿ ಒಂದೇ."

೯ ಸೆಪ್ಟೆಂಬರ್, ಶುಕ್ರವಾರ

ಕರ್ನಾಟಕ ಬಂದ್. ಪೇಪರ್ ಹಾಕಿ ಬೇಗ ಬಂದೆ. ಇವರಿಗೆ ಪೀಣ್ಯದ ಫ್ಯಾಕ್ಟರಿ ರಜ.

೧೧ ಸೆಪ್ಟೆಂಬರ್, ಭಾನುವಾರ

ವಾಸು ಜಗುಲಿಯ ಹತ್ತಿರ ಬೈಕ್ ನಿಲ್ಲಿಸಿದ. ಹಿಂದೆ ಇನ್ನೂ ನಾಲ್ಕೈದು ಬೈಕು, ಹಳದಿ ಕೆಂಪು ಬಾವುಟ. ಅವನು ಇಳಿಯಲಿಲ್ಲ.

"ಗೌಹರ್, ನಾಳೆ ತಮಿಳು ಕಟ್ಟು ತರ್ಬೇಡ ಮಗಾ. ದಾರೀಲಿ ಯಾರಾದ್ರೂ ನಿಲ್ಸಿ ಸುಟ್ರೆ ನಿನ್ ಆಟೋನೂ ಹೋಗುತ್ತೆ."

ನಮ್ಮ ಬಗ್ಗೆ ಅವನಿಗೆ ಕಾಳಜಿ ಇದೆ. ಮೇಷ್ಟರ ವಿಷಯ ಹೇಳುವುದು ನೆನಪಾಗಲಿಲ್ಲ. ಬೈಕುಗಳ ಸದ್ದು.

೧೨ ಸೆಪ್ಟೆಂಬರ್, ಸೋಮವಾರ

ಟಿವಿಯಲ್ಲಿ ಬಸ್ಸುಗಳು ಉರಿಯುತ್ತಿವೆ. ಮಧ್ಯಾಹ್ನ ವಾಸು ಫೋನ್ ಮಾಡಿದ. "ಅಕ್ಕ, ಇವತ್ತು ಮನೆಯಿಂದ ಆಚೆ ಬರ್ಬೇಡ. ಅದರಲ್ಲೂ ಎರಡನೇ ಕ್ರಾಸ್ ಕಡೆ."

ಇವರು ಫ್ಯಾಕ್ಟರಿಯಿಂದ ಹೊರಟು ಗೊರಗುಂಟೆಪಾಳ್ಯದಲ್ಲಿ ಬಸ್ಸಿಲ್ಲದೆ ನಿಂತಿದ್ದರು. ಸಂದಿಗೊಂದಿ ನುಗ್ಗಿ ನಡೆದೇ ಬಂದರು. ಯಶವಂತಪುರದ ಕಡೆ ಕರ್ಫ್ಯೂ ಅಂತೆ.

ಸಂಜೆ ಬೈಕುಗಳ ಸದ್ದು ಹತ್ತಿರದಲ್ಲೇ ಕೇಳಿತು. ಆಮೇಲೆ ಗಾಜು.

೧೩ ಸೆಪ್ಟೆಂಬರ್, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಬಕ್ರೀದ್ ಆದರೂ ಗೌಹರ್ ಬೇರೆ ದಾರಿ ಬಳಸಿ ಕಟ್ಟು ತಂದುಕೊಟ್ಟು ನಮಾಜಿಗೆ ಹೋದ. ತಮಿಳು ಕಟ್ಟು ಇರಲಿಲ್ಲ. ಎರಡನೇ ಕ್ರಾಸಿನಲ್ಲಿ ಹಾಕಬೇಕಾದ್ದು ಕಡಿಮೆ ಇತ್ತು. ಆದರೂ ಹೋದೆ. ಹೊಲಿಗೆ ಮೆಷಿನ್ನಿನ ಮನೆಯ ಮುಂದಿನ ಗಾಜು ಪೂರ್ತಿ ಇಲ್ಲ. ನೀಲಿ ಗೇಟಿನ ಮನೆಗೆ ಬೀಗ. ಕಿಟಕಿಯಿಂದ ಪರದೆ ಹೊರಗೆ ನೇತಾಡುತ್ತಿತ್ತು. ಕೊನೆಯ ಮನೆಯ ಮುಂದೆ ಮೇಷ್ಟ್ರು ಗಾಜಿನ ಚೂರು ಗುಡಿಸುತ್ತಿದ್ದರು. ಬಗ್ಗಿ, ಕೈಯಲ್ಲಿ ತಡವಿ ತಡವಿ. ಪೊರಕೆ ಇಸಿದುಕೊಂಡು ನಾನು ಗುಡಿಸಿದೆ. ಕೂತು ಹೇಳಿದರು.

ಅವರು ಮಲಗಿದ್ದರಂತೆ. ಗೇಟು ಬಡಿದ ಸದ್ದಿಗೆ ಎದ್ದು ಹಾಗೇ ಬಂದಿದ್ದಾರೆ. ಒಂದಷ್ಟು ಹುಡುಗರು. "ತಮಿಳಾ?" ಅಂದರು. "ಅಲ್ಲಪ್ಪ, ನಾನು ಕನ್ನಡದವನು," ಅಂದಿದ್ದಾರೆ. "ಮಾತು ಎಲ್ರಿಗೂ ಬರುತ್ತೆ ತಾತ. ಮಾತಾಡಿ ಮಾತಾಡಿ ನಮ್ಮೂರೆಲ್ಲ ತಗೊಂಡ್ರಿ. ಓದು ನೋಡೋಣ," ಅಂತ ಒಬ್ಬ ಕೈಗೆ ಕನ್ನಡದ ಕರಪತ್ರ ಕೊಟ್ಟಿದ್ದಾನೆ.

"ಕನ್ನಡಕ ಒಳಗೆ ಮಂಚದ ಮೇಲಿತ್ತು," ಅಂದರು ಮೇಷ್ಟ್ರು. "ಅಕ್ಷರ ಇರುವೆ ಹರಿದ ಹಾಗೆ ಕಾಣ್ತು. ತರ್ತೀನಿ ಇರಿ ಅಂದೆ. ಒಳಗೆ ಹೋಗಕ್ಕೆ ಬಿಡಲಿಲ್ಲ. ನೋಡ್ರೋ, ಕನ್ನಡ ಬರಲ್ಲ ಅಂದು ನಕ್ಕರು. ಆಮೇಲೆ ಕಲ್ಲು."

ಎಷ್ಟು ಮಕ್ಕಳಿಗೆ ಓದು ಕಲಿಸಿದವರು. ಇದನ್ನು ಹೇಳುವಾಗಲೂ ಅವರ ದನಿ ಏರಲಿಲ್ಲ.

ಇನ್ನೂ ಒಂದು ವಿಷಯ. ಆ ಕ್ರಾಸಿನಲ್ಲಿ ತಮಿಳು ಮಾತಾಡುವ ಮನೆಗಳು ಇನ್ನೂ ಇವೆ. ಇಂಗ್ಲಿಷ್ ಪೇಪರ್ ತರಿಸುವವರು ಕೆಲವರು, ಕನ್ನಡ ಪೇಪರ್ ತರಿಸುವವರು ಒಬ್ಬರು. ಆ ಮನೆಗಳಿಗೆ ಒಂದು ಗೀರೂ ಬಿದ್ದಿಲ್ಲ. ಕಲ್ಲು ಬಿದ್ದದ್ದು ಆ ಮೂರೇ ಮನೆಗೆ.

೧೪ ಸೆಪ್ಟೆಂಬರ್, ಬುಧವಾರ

ತಮಿಳು ಪೇಪರಿನ ಮನೆ ಯಾವುವೆಂದು ಬೇರೆ ಯಾರಿಗಾದರೂ ಗೊತ್ತಿರಬಹುದೇ ಎಂದು ಯೋಚಿಸುತ್ತಿದ್ದೇನೆ. ಹಾಲಿನವನಿಗೆ ಭಾಷೆ ಗೊತ್ತಾಗುವುದಿಲ್ಲ. ಕಸದವರಿಗೆ ಗೊತ್ತಾಗಬಹುದು, ಹಳೇ ಪೇಪರ್ ನೋಡಿ. ಗೌಹರ್‌ಗೆ ಕಟ್ಟು ಗೊತ್ತು, ಮನೆ ಗೊತ್ತಿಲ್ಲ.

ವಾಸು ಫೋನ್ ತೆಗೆಯುತ್ತಿಲ್ಲ. ಏನಾದರೂ ಆಗಿರಬೇಕು ಅವನಿಗೆ.

೧೫ ಸೆಪ್ಟೆಂಬರ್, ಗುರುವಾರ

ಹೊಲಿಗೆಯವಳು ಗೇಟಿನ ಹೊರಗೇ ಕಾಯುತ್ತಿದ್ದಳು. ತಿಲಕವತಿ ಅಂತ ಹೆಸರು.

"ನಾಳೆಯಿಂದ ಪೇಪರ್ ಬೇಡ ಅಮ್ಮ."

"ಸ್ವಲ್ಪ ದಿನ ಬಿಟ್ಟು ಹಾಕ್ತೀನಿ ಬಿಡು."

"ಸ್ವಲ್ಪ ದಿನ ಅಲ್ಲ. ಬೇಡವೇ ಬೇಡ." ಅವಳ ಕೈಯಲ್ಲಿ ಬ್ಯಾಂಡೇಜು. ಗಾಜು ತೆಗೆಯುವಾಗ ಕುಯ್ದದ್ದಂತೆ. "ಒಂದ್ ವಿಷಯ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಆವತ್ತು ಗಾಡೀಲಿ ನಿಮ್ಮ ಹಿಂದೆ ಕೂತು ಬಂದ ಹುಡುಗ ಇದಾನಲ್ಲ? ಮೈಕಲ್ಲಿ ವಣಕ್ಕಂ ಅಂದನಲ್ಲ? ಅವನೇ ಮುಂದೆ ನಿಂತಿದ್ದ. ಕಲ್ಲು ಹೊಡೀಲಿಲ್ಲ, ಸುಳ್ಳು ಹೇಳ್ಬಾರ್ದು. ಬರೀ ಕೈ ತೋರಿಸ್ದ. ಇದು, ಅದು, ಕೊನೇದು ಅಂತ."

ನಾನು ಗಾಡಿ ಆಫ್ ಮಾಡಿದೆ.

"ಅವನ ಗಣೇಶನಿಗೆ ಪರದೆ ಹೊಲಿದುಕೊಟ್ಟೆ ಅಮ್ಮ ನಾನು," ಅಂದಳು. "ನಿಮಗೆ ಗೊತ್ತಿತ್ತಾ?"

"ಇಲ್ಲ."

ನಂಬಿದಳೋ ಇಲ್ಲವೋ. ಗೇಟು ಹಾಕಿಕೊಂಡಳು.

೧೭ ಸೆಪ್ಟೆಂಬರ್, ಶನಿವಾರ

ಸಿಂಗಾಪುರಕ್ಕೆ ಹೋದೆ. ಹಳೇ ಊರಿನ ಸಂದಿಯಲ್ಲಿ ವಾಸುವಿನ ಮೂರಂತಸ್ತಿನ ಮನೆ. ಮುನಿಕೃಷ್ಣಮ್ಮ ಮುಂದೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು.

"ಏನಮ್ಮ ಸರಳಾ, ಇಂಗೆ ಅಪರೂಪ! ಕೂತ್ಕೊ, ಕಾಪಿ ಕಾಸ್ತೀನಿ." ಒಳಗೆ ತಿರುಗಿ ಮಗನನ್ನು ತೆಲುಗಿನಲ್ಲಿ ಕೂಗಿದರು. ಅವರ ಮನೆಮಾತು ಅದೇ. ಎಷ್ಟೋ ವರ್ಷದಿಂದ ಕೇಳಿದ್ದೇನೆ.

ವಾಸು ಬನಿಯನ್ನಿನಲ್ಲೇ ಬಂದ. "ಏನ್ ಸಮಾಚಾರ ಅಕ್ಕ?"

"ಸೋಮವಾರ ಎರಡನೇ ಕ್ರಾಸಿಗೆ ಬಂದಿದ್ಯಾ?"

"ನಾನ್ಯಾಕ್ ಬರ್ಲಿ? ಆವತ್ತು ಯಲಹಂಕದಲ್ಲಿದ್ದೆ."

"ತಿಲಕವತಿ ನೋಡಿದಾಳೆ."

"ಯಾವ ತಿಲಕವತಿ?"

"ನಿನ್ನ ಗಣೇಶನಿಗೆ ಪರದೆ ಹೊಲಿದವಳು."

ಒಂದು ಅಲಸಂದೆಕಾಯಿ ಎತ್ತಿ ಸುಲಿದ. "ಬಂದಿದ್ದೆ. ಹುಡುಗ್ರು ಕೈ ಮೀರಿದ್ರು ಅಕ್ಕ. ಮೇಲ್ನೋರು ಫೋನ್ ಮೇಲೆ ಫೋನ್: ಎಲ್ಲಾ ಏರಿಯಾದಲ್ಲೂ ಏನಾದ್ರೂ ಆಗಿದೆ, ನಿಮ್ ಕಡೆ ಏನೂ ಇಲ್ವಾ, ಬ್ಯಾನರ್ ಹಾಕ್ಸಕ್ಕೆ ಮಾತ್ರ ಅಧ್ಯಕ್ಷನಾ ಅಂತ. ನಾನ್ ಇಲ್ದಿದ್ರೆ ಬೆಂಕಿ ಇಡ್ತಿದ್ರು. ಗ್ಲಾಸ್‌ಗೆ ಮುಗಿಸ್ದೆ."

"ಯಾವ ಮನೆ ಅಂತ ಅವರಿಗೆ ಹೇಳಿದ್ಯಾರು?"

"ನೀನೇ ಅಲ್ವಾ ಅಕ್ಕ? ಗೇಟ್ ಗೇಟಿಗೂ ಬೆರಳು ತೋರ್ಸಿದ್ದು ನೀನೇ. ನಾನೇನ್ ಕನಸು ಕಂಡಿದ್ನಾ?"

"ಅದು ಗಣೇಶನ ಚೀಟಿಗೆ ಕಣೋ."

"ನಾನೂ ಚೀಟಿಗೇ ನೋಡಿದ್ದು. ಅಮ್ಮನ ಆಣೆ. ಆಮೇಲೆ ಮರಿ ಅಂದ್ರೆ ಮರೆಯಕ್ಕಾಗುತ್ತಾ?"

ಕೊನೆಯ ಮನೆಯವರು ಕನ್ನಡ ಮೇಷ್ಟ್ರು ಅಂತ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮುಖ ಸಪ್ಪಗಾದದ್ದನ್ನು ನಾನು ನೋಡಿದೆ. ಮರುಕ್ಷಣ ನಕ್ಕ. "ಹಂಗಾದ್ರೆ ಓದ್ಬೇಕಿತ್ತು! ಒಂದ್ ಲೈನ್ ಓದಿದ್ರೆ ಕಾಲಿಗೆ ಬಿದ್ದು ಹೋಗ್ತಿದ್ವಿ."

"ಕನ್ನಡಕ ಇರಲಿಲ್ಲ."

"ಅದು ನಂಗ್ ಹೆಂಗ್ ಗೊತ್ತಾಗ್ಬೇಕು?"

ಮುನಿಕೃಷ್ಣಮ್ಮ ಕಾಫಿ ತಂದು ಬಾಗಿಲಲ್ಲೇ ನಿಂತಿದ್ದರು. "ಅದೇನ್ಲಾ ಅದು, ತಮಿಳೋರು ತಮಿಳೋರು ಅಂತ ಮನೆ ನುಗ್ಗದು? ನಮ್ಮನೇಲಿ ಆಡಾದು ತೆಲುಗು. ಅಂಗಂತ ನಾವೇನ್ ಆಂದ್ರದಿಂದ ಬಂದ್ವಾ? ಈ ಲೇಔಟೆಲ್ಲ ನಮ್ಮ ರಾಗಿ ಒಲ. ನಾಳೆ ಇಂಗೇ ಯಾರಾನ ನಮ್ ಬಾಗಿಲಿಗೂ ಬಂದು ಓದು ಅಂದ್ರೆ ನಾನೇನ್ ಓದ್ಲಿ? ನಂದು ಎಬ್ಬೆಟ್ಟು."

"ಅಮ್ಮ, ನೀನ್ ಒಳಗ್ ಹೋಗು," ಅಂದ ವಾಸು.

ಕಾಫಿ ಕುಡಿಯದೆ ಬಂದೆ. ಆ ಮನೆಯಲ್ಲಿ ಮೊದಲ ಸಲ.

೧೮ ಸೆಪ್ಟೆಂಬರ್, ಭಾನುವಾರ

ನಾನು ತೋರಿಸಿದ್ದು ಚೀಟಿಗೆ. ಅದು ಸತ್ಯ. ಅವನು ಮಾಡಿದ್ದು ಮೋಸ. ಅದೂ ಸತ್ಯ. ಎರಡಕ್ಕೂ ಸಂಬಂಧ ಕಟ್ಟಬಾರದು.

ಪುರವಣಿ ತಲೆಕೆಳಗಾಗಿ ಸೇರಿಸಿದೆನಂತೆ. ಗೌಹರ್ ತಿದ್ದಿದ.

೨೧ ಸೆಪ್ಟೆಂಬರ್, ಬುಧವಾರ

ತಿಲಕವತಿಯ ಮನೆ ಓನರ್ ದೂರು ಕೊಟ್ಟಿದ್ದರಂತೆ, ಇವತ್ತು ಒಬ್ಬರು ಪೊಲೀಸಿನವರು ಬಂದರು. ನಾನು ಪೇಪರ್ ಹಾಕುತ್ತಿದ್ದ ಹೊತ್ತು. ಮೇಷ್ಟ್ರು, ತಿಲಕವತಿ, ನಾನು, ಮೂವರನ್ನೂ ಒಟ್ಟಿಗೇ ನಿಲ್ಲಿಸಿ ಕೇಳಿದರು.

"ಮುಖ ಕಾಣಲಿಲ್ಲ ಸ್ವಾಮಿ. ಕನ್ನಡಕ ಇರಲಿಲ್ಲ," ಅಂದರು ವೆಂಕಟರಾಮಯ್ಯನವರು.

"ನಂಗೆ ಯಾರೂ ಗೊತ್ತಿಲ್ಲ ಸಾರ್," ಅಂದಳು ತಿಲಕವತಿ. ಅಂದವಳು ನನ್ನನ್ನೇ ನೋಡುತ್ತಿದ್ದಳು.

"ನೀವೇನಮ್ಮ, ಪೇಪರಿನೋರಾ? ಎಲ್ಲಾ ಗೊತ್ತಿರುತ್ತಲ್ಲ ನಿಮಗೆ."

ಹೇಳಿದೆ. ಹೆಸರು, ಊರು, ಸಂದಿ ಎಲ್ಲ.

"ಅಧ್ಯಕ್ಷರಾ?" ಪೆನ್ನು ನಿಂತಿತು. "ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಅವನೇ ನನ್ನ ಹತ್ರ ಹೇಳಿದ."

"ಅವರು ನೋಡಿದೋರು ಗೊತ್ತಿಲ್ಲ ಅಂತಾರೆ, ನೀವು ನೋಡದೇ ಇರೋರು ಗೊತ್ತು ಅಂತೀರಿ. ಏನಂತ ಬರ್ಕೊಳ್ಲಿ?" ಪೆನ್ನು ಜೇಬಿಗೆ ಹೋಯಿತು.

ಪೊಲೀಸಿನವರು ಹೋದ ಮೇಲೆ, "ಯಾಕಮ್ಮ ಹೇಳಿದೆ? ಇಲ್ಲೇ ಇರಬೇಕಾದವರು ನಾವು," ಅಂದರು ವೆಂಕಟರಾಮಯ್ಯನವರು. ಬೈಗುಳದ ಹಾಗಿರಲಿಲ್ಲ. ದಡ್ಡ ಮಗುವಿಗೆ ಲೆಕ್ಕ ತಿದ್ದಿದ ಹಾಗಿತ್ತು.

೨೩ ಸೆಪ್ಟೆಂಬರ್, ಶುಕ್ರವಾರ

ವಾಸು ಬಂದ. ಕಟ್ಟು ಬಿಚ್ಚುತ್ತಿದ್ದೆ. ಚಪ್ಪಲಿ ಕಾಲಲ್ಲೇ ಜಗುಲಿ ಹತ್ತಿದ.

"ಸ್ಟೇಷನ್‌ಗೆ ನನ್ ಹೆಸ್ರು ಕೊಟ್ಯಂತೆ. ಅಕ್ಕ ಅಂತ ಕರೆದಿದ್ದಕ್ಕೆ ಸರಿಯಾಗಿ ಮಾಡ್ದೆ ಬಿಡು."

"ನೀನು ಮಾಡಿದ್ದನ್ನೇ ಹೇಳಿದ್ದು."

"ನೀನ್ ಮಾಡಿದ್ದನ್ನೂ ಹೇಳ್ದಾ?"

ಗೌಹರ್ ಪೇಪರ್ ಮಡಿಸಿಟ್ಟು ಎದ್ದು ನಿಂತ. "ಹೋಗ್ ಮಗಾ, ಬೆಳಿಗ್ಗೆ ಬೆಳಿಗ್ಗೆ ಬೇಡ." ವಾಸು ಅವನನ್ನು ನೋಡಿದ ನೋಟ ನನಗೆ ಹಿಡಿಸಲಿಲ್ಲ. ಆದರೆ ಇಳಿದು ಹೋದ. ಜಗುಲಿಯ ಮೇಲೆ ಚಪ್ಪಲಿಯ ಮಣ್ಣು ಬಿದ್ದಿತ್ತು. ಪೇಪರಿಗೆ ಹತ್ತೀತೆಂದು ಒರೆಸಿದೆ.

೨ ಅಕ್ಟೋಬರ್, ಭಾನುವಾರ

ಬೀಗ ಹಾಕಿದ್ದ ನೀಲಿ ಗೇಟಿಗೆ ಮನೆ ಬಾಡಿಗೆಗಿದೆ ಎಂಬ ಬೋರ್ಡು ಬಂದಿದೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ಪಕ್ಕದವರನ್ನು ಕೇಳಿ ತಿಳಿದುಕೊಂಡೆ. ಸೆಲ್ವಿ, ಗಂಡ ಅರುಳ್, ಇಬ್ಬರು ಹೆಣ್ಣುಮಕ್ಕಳು. ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ.

ಸೂದ್ ಅವರೂ ಉರ್ದು ಪೇಪರ್ ಬೇಡ ಅಂದರು. ಹೆಂಡತಿಗೆ ಹೆದರಿಕೆಯಂತೆ. "ಇವತ್ತು ತಮಿಳು, ನಾಳೆ ಯಾವುದೋ. ನಾನ್ ಯಾರು ಅಂತ ಗೇಟಲ್ಲಿ ನಿಂತು ಎಷ್ಟು ಜನಕ್ಕೆ ಹೇಳ್ಲಿ?"

ಪೇಪರ್ ಮಡಿಸುವ ಕ್ರಮ ಬದಲಾಯಿಸಿದ್ದೇನೆ. ಮೊದಲ ಪುಟ ಒಳಗೆ, ಜಾಹೀರಾತಿನ ಪುಟ ಹೊರಗೆ. ಎಲ್ಲ ಮನೆಗೂ ಹಾಗೇ. ಕಾರಣವೇನಿಲ್ಲ, ಮಂಜಿಗೆ ಮೊದಲ ಪುಟ ಒದ್ದೆಯಾಗುತ್ತದೆ.

೧೦ ಅಕ್ಟೋಬರ್, ಸೋಮವಾರ

ಆಯುಧಪೂಜೆ. ನನ್ನ ಟಿವಿಎಸ್ ತೊಳೆದು ಹೂವು ಹಾಕುವುದು ವಾಸುವಿನ ಕೆಲಸ, ಅಧ್ಯಕ್ಷನಾದ ಮೇಲೂ ತಪ್ಪಿಸಿರಲಿಲ್ಲ. ಈ ಸಲ ಇವರು ತೊಳೆದರು. ಚಕ್ರಕ್ಕೆ ಇಡುವ ನಿಂಬೆಹಣ್ಣು ತರುವುದನ್ನು ಮರೆತಿದ್ದರು. ನಾನೂ ಹೇಳಲಿಲ್ಲ.

ಸಂಜೆ ತನಕ ಗೇಟಿನ ಸದ್ದಾದಾಗೆಲ್ಲ ನೋಡಿದೆ.

೨೪ ಅಕ್ಟೋಬರ್, ಸೋಮವಾರ

ಟಿವಿ ಡಿಶ್ ಕಂಪನಿಯ ಹುಡುಗಿಯೊಬ್ಬಳು ಜಗುಲಿಗೆ ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಒಳ್ಳೆಯ ಮಾತು. ಮನೆ ಮನೆಗೆ ಭಾಷೆಯ ಚಾನೆಲ್ ಪ್ಯಾಕ್ ಮಾರುತ್ತಾಳಂತೆ.

"ಮೇಡಂ, ಈ ರೋಡ್‌ಗಳಲ್ಲಿ ಯಾವ್ಯಾವ ಭಾಷೆಯವರು ಎಲ್ಲೆಲ್ಲಿದಾರೆ? ನೀವು ಪೇಪರ್ ಹಾಕೋರು, ನಿಮಗೆ ಗೊತ್ತೇ ಇರುತ್ತೆ."

"ಗೊತ್ತಿಲ್ಲಮ್ಮ."

"ಒಂದ್ ಐಡಿಯಾಗೆ ಅಷ್ಟೆ."

"ಕತ್ತಲಲ್ಲಿ ಎಸೆದು ಹೋಗೋಳು ನಾನು. ಯಾರ ಮನೇಲಿ ಏನ್ ಓದ್ತಾರೋ ನಾನೇನ್ ಕಂಡೆ."

ಅವಳು ಹೋದ ಮೇಲೆ ಗೌಹರ್ ಕ್ರೀಡೆಯ ಪುಟದ ಹಿಂದಿನಿಂದ ನನ್ನನ್ನು ನೋಡಿದ.

೨ ನವೆಂಬರ್, ಬುಧವಾರ

ನಿನ್ನೆ ರಾಜ್ಯೋತ್ಸವ. ಬಳಗದವರು ಸರ್ಕಲ್ಲಿನಲ್ಲಿ ದೊಡ್ಡದಾಗಿ ಮಾಡಿದರು. ಕರಪತ್ರ ಕನ್ನಡದಲ್ಲಿ ಮಾತ್ರ. ನನ್ನ ಹತ್ತಿರ ಕೊಡಲಿಲ್ಲ, ಬೇರೆ ಏಜೆಂಟಿಗೆ ಕೊಟ್ಟರಂತೆ. ಮೈಕಿನಲ್ಲಿ ವಾಸುವಿನ ಭಾಷಣ ಮನೆವರೆಗೂ ಕೇಳಿತು. ಕನ್ನಡ ಸ್ಪಷ್ಟವಾಗಿತ್ತು, ಒತ್ತಕ್ಷರ ಒಂದೂ ತಪ್ಪಲಿಲ್ಲ. ಅದು ನಾನು ಕಲಿಸಿದ್ದು.

ತಿಲಕವತಿ ಕಿಟಕಿಗೆ ಹೊಸ ಗಾಜು ಹಾಕಿಸಿದ್ದಾಳೆ. ಗಾಡಿಯ ಸದ್ದಿಗೆ ಒಳಗಿನಿಂದ ನೋಡಿದಳು. ನಾನು ಕೈ ಎತ್ತಿದೆ. ಅವಳು ಎತ್ತಲಿಲ್ಲ. ಆದರೆ ಪರದೆ ಎಳೆಯಲೂ ಇಲ್ಲ.

ವೆಂಕಟರಾಮಯ್ಯನವರು ಆ ಗಲಾಟೆಯ ನಂತರ ತಮಿಳು ಪೇಪರ್ ಬಿಟ್ಟು ಕನ್ನಡದ್ದು ಹಾಕಿಸಿಕೊಳ್ಳುತ್ತಿದ್ದಾರೆ. ಹೊಸೂರಿನ ಸುದ್ದಿ ಇಲ್ಲದೆ ಅವರಿಗೆ ಹೇಗೆ ಹೊತ್ತು ಹೋಗುತ್ತದೋ ಎಂದು ಇವತ್ತು ತಮಿಳು ಪೇಪರ್ ಒಂದನ್ನು ಕನ್ನಡದ್ದರೊಳಗೆ ಇಟ್ಟು, ಕಾಣದ ಹಾಗೆ ಮಡಿಸಿ ಒಯ್ದೆ.

ಮೊದಲೆಲ್ಲ ಪೇಪರನ್ನು ಮೆಟ್ಟಿಲಿಗೆ ಎಸೆದರೆ ಸಾಕಾಗಿತ್ತು. ಈಗ ಅವರು ಗೇಟಿನಲ್ಲೇ ನಿಂತು ಕಾಯುತ್ತಾರೆ. ಕನ್ನಡಕ ಹಾಕಿಕೊಂಡೇ ಇರುತ್ತಾರೆ. ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಮಲಗುವಾಗಲೂ ತೆಗೆಯುವುದಿಲ್ಲವೇನೋ, ಮೂಗಿನ ಎರಡೂ ಕಡೆ ಕೆಂಪಗೆ ಗುರುತು ಬಿದ್ದಿದೆ.

ಪೇಪರ್ ಕೈಗೆ ಕೊಟ್ಟೆ. ತೂಕ ಗೊತ್ತಾಯಿತೇನೋ. ಬಿಚ್ಚಿದರು. ಒಳಗಿದ್ದದ್ದನ್ನು ತೆಗೆದರು. ಒಂದು ಕ್ಷಣ ಆ ಅಕ್ಷರಗಳ ಮೇಲೆ ಅಂಗೈ ಇಟ್ಟರು. ಆಮೇಲೆ ಅದನ್ನು ಮೊದಲಿದ್ದ ಹಾಗೇ ಮಡಿಸಿ ನನಗೆ ವಾಪಸು ಕೊಟ್ಟರು.

"ಇದು ನಮ್ಮ ಮನೇದಲ್ಲಮ್ಮ."

ದಾರಿಯಲ್ಲಿ ಯಾರೋ ಬೈಕಿನಲ್ಲಿ ಹೋದರು. ಪಾಠ ಮಾಡುವ ಮೇಷ್ಟರ ಹಾಗೆ ಅವರು ನೆಟ್ಟಗೆ ನಿಂತರು. ಕನ್ನಡ ಪೇಪರನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು, ರಾಜ್ಯೋತ್ಸವದ ಹೆಡ್‌ಲೈನನ್ನೂ ಅದರ ಕೆಳಗಿನ ಮೊದಲ ಸಾಲುಗಳನ್ನೂ ರಸ್ತೆಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದರು. ಒಂದು ಅಕ್ಷರವೂ ತಪ್ಪಲಿಲ್ಲ. ಓದಿ ಮುಗಿಸಿ, ಸರಿಯೇ ಎಂಬಂತೆ ನನ್ನ ಮುಖ ನೋಡಿದರು.

ನಾನು ಓದಿ ಅಂದಿರಲಿಲ್ಲ.